ಚದುರಿದ ಬೆಳಕೂ ಲೆಕ್ಕಕ್ಕೆ ಬರುತ್ತದೆ

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಮೈಕ್ರೋಸ್ಕೋಪುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಪಿಎಚ್‌ಡಿಗೆ ಸೇರಿದವರು ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೇಡಂ, ಲೇಸರ್ ಪವರ್ ಜಾಸ್ತಿ ಮಾಡಿದ್ರೆ ಮಿದುಳಿನ ಇನ್ನೂ ಆಳಕ್ಕೆ ಕಾಣಲ್ವಾ?" ಸ್ವಲ್ಪ ದೂರ ಕಾಣುತ್ತದೆ, ಆಮೇಲೆ ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ನಿಂತ ಕಾಲಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿಯಿರಿ. ಬೆರಳೆಲ್ಲ ಕೆಂಪಗೆ ಬೆಳಗುತ್ತದೆ. ಒಳಗಿನ ಮೂಳೆ ಮಾತ್ರ ಕಾಣುವುದಿಲ್ಲ. ಬೆಳಕು ದಾಟಿ ಬರುತ್ತಿದೆ, ಆದರೆ ದಾರಿ ತಪ್ಪಿ ಬರುತ್ತಿದೆ. ಮಿದುಳಿನಲ್ಲೂ ಇದೇ ಕಥೆ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) 1.33, ನರತಂತುಗಳಿಗೆ ಸುತ್ತಿರುವ ಕೊಬ್ಬಿನದು 1.45ರ ಆಸುಪಾಸು. ಇವೆರಡರ ಗಡಿ ಸಿಕ್ಕಲ್ಲೆಲ್ಲ ಬೆಳಕು ಒಂದಿಷ್ಟು ಓರೆಯಾಗುತ್ತದೆ, ಮಿದುಳಿನಲ್ಲಿ ಅಂಥ ಗಡಿಗಳಿಗೆ ಲೆಕ್ಕವೇ ಇಲ್ಲ.

ಮಾರ್ವಿನ್ ಮಿನ್ಸ್ಕಿ 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಕಾನ್‌ಫೋಕಲ್ ಮೈಕ್ರೋಸ್ಕೋಪು ಚದುರಿದ ಬೆಳಕನ್ನು ಸಣ್ಣ ರಂಧ್ರವೊಂದರಿಂದ ತಡೆಯುತ್ತದೆ. ತೆಳು ಮಾದರಿಗೆ ಅಷ್ಟು ಸಾಕು. ನೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ, ಕೆಳಗಿಳಿದರೆ ನಮಗೆ ಬೇಕಾದ ಬೆಳಕೇ ಚದುರಿ ಆ ರಂಧ್ರದ ಆಚೀಚೆ ಬಿದ್ದು ಹಾಳಾಗುತ್ತದೆ.

ಟೂ-ಫೋಟಾನ್ ಮೈಕ್ರೋಸ್ಕೋಪು ನನಗೆ ಅಷ್ಟು ಇಷ್ಟವಾಗುವುದು ಇಲ್ಲಿಯೇ. ಒಂದು ಅಣು ಎರಡು ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಒಟ್ಟಿಗೇ ಹೀರಬಲ್ಲದು ಎಂದು ಮರಿಯಾ ಗೆಪರ್ಟ್-ಮಾಯರ್ 1931ರಲ್ಲೇ ಲೆಕ್ಕ ಹಾಕಿ ಬರೆದಿದ್ದರು. ಆಗ ಲೇಸರ್ ಇನ್ನೂ ಹುಟ್ಟಿರಲಿಲ್ಲ. 1990ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವಾದ ಕಾರ್ನೆಲ್‌ನ ಡೆಂಕ್, ಸ್ಟ್ರಿಕ್ಲರ್, ವೆಬ್ ಅದನ್ನು ಮೈಕ್ರೋಸ್ಕೋಪಿಗೆ ತಂದರು. ಎರಡು ಫೋಟಾನು ಒಂದೇ ಗಳಿಗೆಯಲ್ಲಿ ಸಿಗಬೇಕಾದರೆ ಬೆಳಕು ವಿಪರೀತ ದಟ್ಟವಾಗಿರಬೇಕು. ಸುಮಾರು 100 ಫೆಮ್ಟೋಸೆಕೆಂಡಿನ (ಸೆಕೆಂಡಿನ ಅತ್ಯಂತ ಸಣ್ಣ ಚೂರು) ಮಿಡಿತಗಳಲ್ಲಿ, ಸೆಕೆಂಡಿಗೆ 8 ಕೋಟಿ ಮಿಡಿತದಂತೆ ಹೊಡೆಯುವ ಲೇಸರಿನಲ್ಲೂ ಅಷ್ಟು ದಟ್ಟಣೆ ಸಿಗುವುದು ಲೆನ್ಸಿನ ನಾಭಿಯಲ್ಲಿ ಮಾತ್ರ. ಹಾಗಾಗಿ ನರಕೋಶಗಳಿಗೆ ಹಾಕಿದ ಹೊಳೆಯುವ ಗುರುತುಗಳಿಂದ ಹಸಿರು ಬೆಳಕು ಹುಟ್ಟುವುದೂ ಆ ಒಂದು ಚುಕ್ಕೆಯಲ್ಲಿ ಮಾತ್ರ. ಹುಟ್ಟಿದ ಜಾಗ ಗೊತ್ತಿದ್ದ ಮೇಲೆ, ಹೊರಬರುವಾಗ ಅದು ಎಷ್ಟು ಸಲ ಅಡ್ಡಾದಿಡ್ಡಿ ತಿರುಗಿದರೂ ನಮಗೇನು? ರಂಧ್ರ ತೆಗೆದುಹಾಕಿ, ಸಿಕ್ಕ ಫೋಟಾನನ್ನೆಲ್ಲ ಎಣಿಸಿ, ಆ ಚುಕ್ಕೆಯ ಹೆಸರಿಗೆ ಬರೆದುಕೊಂಡರಾಯಿತು.

ಸಿಕ್ಕ ಬೆಳಕನ್ನೆಲ್ಲ ಬಾಚಿಕೊಳ್ಳುವ ಯಂತ್ರ ಕೋಣೆಯ ಬೆಳಕನ್ನೂ ಬಾಚಿಕೊಳ್ಳುತ್ತದೆ. ನಮ್ಮ ಕೋಣೆಗೆ ಎರಡು ಪದರ ಕಪ್ಪು ಪರದೆ. ಪಂಪಿನ ಹಸಿರು ಎಲ್‌ಇಡಿ, ಸ್ವಿಚ್‌ಬೋರ್ಡಿನ ಕೆಂಪು ದೀಪ, ಎಲ್ಲದರ ಮೇಲೂ ಕಪ್ಪು ಟೇಪು ಅಂಟಿಸಿದ್ದೇನೆ; ದಯವಿಟ್ಟು ಕೀಳಬೇಡಿ. ಇಲಿಯ ತಲೆಬುರುಡೆಯಲ್ಲಿ ಕೂರಿಸಿದ ಪುಟ್ಟ ಗಾಜಿನ ಕಿಟಕಿಯ ಮೇಲೆ ನೀರು ಹಾಕಿ, ಅದರೊಳಗೆ ಲೆನ್ಸ್ ಇಳಿಸುತ್ತೇವೆ. ಮೇಲ್ಪದರದಲ್ಲಿ ನರಕೋಶದ ಕವಲುಗಳ ಮೇಲಿನ ಪುಟ್ಟ ಮೊಗ್ಗಿನಂಥ ಸ್ಪೈನ್‌ಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತವೆ. ಕೆಳಗಿಳಿಯುತ್ತ ಹೋದಂತೆ ಮೊದಲು ಸ್ಪೈನ್‌ಗಳು ಮಾಯವಾಗುತ್ತವೆ, ಆಮೇಲೆ ಕವಲುಗಳು ಮಸುಕಾಗುತ್ತವೆ. ಕೋಶಗಳ ದುಂಡು ಮಾತ್ರ ಉಳಿಯುತ್ತದೆ.

ಈಗ ಪವರ್ ವಿಷಯ. 920 ನ್ಯಾನೋಮೀಟರಿನ ಬೆಳಕು ಇಲಿಯ ಮಿದುಳ ತೊಗಟೆಯಲ್ಲಿ ಸುಮಾರು 150 ಮೈಕ್ರಾನ್ ಹೋಗುವಷ್ಟರಲ್ಲಿ, ಚದುರದೆ ನೇರ ಸಾಗುವ ಪಾಲು ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿಯುತ್ತದೆ. 600 ಮೈಕ್ರಾನಿಗೆ ಇಳಿದರೆ ಶೇಕಡಾ 2ಕ್ಕಿಂತ ಕಡಿಮೆ. ಅಲ್ಲೂ ಮೇಲಿನಷ್ಟೇ ಹೊಳಪು ಬೇಕೆಂದರೆ ಪವರ್ ಸುಮಾರು 50 ಪಟ್ಟು ಏರಿಸಬೇಕು. ಏರಿಸುತ್ತ ಹೋದರೆ ಅಂಗಾಂಶ ಬಿಸಿಯಾಗುತ್ತದೆ. ಇನ್ನೂ ಆಳದಲ್ಲಿ, ಏರಿಸಿದ ಪವರಿನಿಂದ ನಾಭಿಯ ಹೊರಗೂ ದಟ್ಟಣೆ ಹೆಚ್ಚಿ, ಮೇಲ್ಪದರವೇ ಹೊಳೆಯತೊಡಗಿ ಚಿತ್ರವನ್ನು ಮುಚ್ಚಿಬಿಡುತ್ತದೆ. ಆ ಹಂತ ದಾಟಬೇಕಾದರೆ ಬೇಕಾಗುವುದು ಹೆಚ್ಚಿನ ಪವರ್ ಅಲ್ಲ, ಉದ್ದದ ತರಂಗ: ಮೂರು ಫೋಟಾನುಗಳನ್ನು ಒಟ್ಟಿಗೇ ಹೀರಿಸುವ, 1300 ನ್ಯಾನೋಮೀಟರಿನ ತ್ರೀ-ಫೋಟಾನ್. ಕಾರ್ನೆಲ್‌ನಲ್ಲೇ ಕ್ರಿಸ್ ಶೂ ಅವರ ತಂಡ ಅದನ್ನು ಬೆಳೆಸಿತು. ಅದರಲ್ಲಿ ಒಂದು ಮಿಲಿಮೀಟರಿನ ಆಚೆಗೂ ಹೋಗಬಹುದು.

ಫಿಕ್ಸ್ ಮಾಡಿದ, ಅಂದರೆ ರಾಸಾಯನಿಕದಲ್ಲಿ ಕೆಡದಂತೆ ಇಟ್ಟ, ಮಿದುಳು ನಿಮ್ಮದಾದರೆ ಇಷ್ಟು ಕಷ್ಟವೇ ಬೇಡ, ಪಾರದರ್ಶಕ ಮಾಡಿ. ಲೈಪ್‌ಝಿಗ್‌ನ ಅಂಗರಚನಾ ತಜ್ಞ ವೆರ್ನರ್ ಸ್ಪಾಲ್ಟೆಹೋಲ್ಟ್ಸ್ ನೂರು ವರ್ಷಕ್ಕೂ ಹಿಂದೆಯೇ ಅಂಗಾಂಶದ ಸೂಚ್ಯಂಕಕ್ಕೆ ಹೊಂದುವ ಎಣ್ಣೆಗಳಲ್ಲಿ ನೆನೆಹಾಕಿ ಇಡೀ ಅಂಗಗಳನ್ನು ತಿಳಿಯಾಗಿಸಿದ್ದ. 2013ರ ಕ್ಲ್ಯಾರಿಟಿ ವಿಧಾನದಲ್ಲಿ ಕೊಬ್ಬನ್ನೇ ತೊಳೆದು ತೆಗೆಯುತ್ತಾರೆ. ಇದಕ್ಕೆ ತಾಳ್ಮೆ ಬೇಕು, ದುಬಾರಿ ಲೇಸರ್ ಬೇಡ. ಟೂ-ಫೋಟಾನ್ ಯಂತ್ರದ ಸಮಯವನ್ನು ಜೀವಂತ ಮಾದರಿ ಇರುವವರಿಗೆ ಬಿಟ್ಟುಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಜೀವಂತ ಅಂಗಾಂಶವನ್ನೇ ತಿಳಿಯಾಗಿಸಬಹುದೇ? 2024ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಟಾರ್ಟ್ರಜೀನ್ ದ್ರಾವಣ ಹಚ್ಚಿ ಬದುಕಿರುವ ಇಲಿಯ ಚರ್ಮವನ್ನು ತಾತ್ಕಾಲಿಕವಾಗಿ ಪಾರದರ್ಶಕ ಮಾಡಿ ತೋರಿಸಿತು. ತೊಳೆದರೆ ಚರ್ಮ ಮೊದಲಿನಂತೆ. ಇದು ತಿಂಡಿ ಪೊಟ್ಟಣಗಳ ಮೇಲೆ 102 ಎಂಬ ಸಂಖ್ಯೆಯಲ್ಲಿ ನಮೂದಾಗುವ ಹಳದಿ ಬಣ್ಣ. ನೀಲಿಯನ್ನು ಬಲವಾಗಿ ಹೀರುವ ಕಾರಣಕ್ಕೇ ಅದು ಕೆಂಪು ಬೆಳಕಿನ ಮಟ್ಟಿಗೆ ನೀರಿನ ಸೂಚ್ಯಂಕವನ್ನು ಕೊಬ್ಬಿನ ಹತ್ತಿರಕ್ಕೆ ಏರಿಸುತ್ತದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ನೀಲಿ ಬೆಳಕಿನಿಂದ ಉದ್ದೀಪಿಸುವ ನಮ್ಮ ಹಸಿರು ಗುರುತುಗಳಿಗೆ ಇದು ಒಗ್ಗುವುದಿಲ್ಲ, ಕೆಂಪಿನವೇ ಬೇಕು. ಆ ತಂಡ ಹಸಿ ಕೋಳಿಯ ಎದೆಮಾಂಸದ ತೆಳು ಹೋಳಿನ ಮೇಲೂ ಇದನ್ನು ಮಾಡಿ ನೋಡಿತ್ತು. ನಾವೂ ಅಲ್ಲಿಂದಲೇ ಶುರು ಮಾಡೋಣ ಅಂತಿದ್ದೇನೆ, ಹೋಳಿನ ಕೆಳಗೆ ಕೆಂಪು ಹೊಳೆಯುವ ಮಣಿಗಳನ್ನು ಇಟ್ಟು. ಜೊತೆಗೂಡುವವರು ಬನ್ನಿ.