ಹದಿನೈದು ನಿಮಿಷ

ಬೆಳಗಿನ ಜಾವ ಗೋರಖ್‌ಪುರದಲ್ಲಿ ಬಸ್ ಹತ್ತಿದ್ದು. ಸೋನೌಲಿಯಲ್ಲಿ ಇಳಿದು, ಬ್ಯಾಗು ಹೊತ್ತು, ನಡೆದೇ ನೇಪಾಳಕ್ಕೆ ಬಂದೆವು. ಚರ್ಚಿನಿಂದ ಸೇವೆಗೆ ಅಂತ ಹೊರಟ ಒಂಬತ್ತು ಜನ. ನಮಗೆ ವೀಸಾ ಬೇಕಿಲ್ಲ.

ದೇಶ ಬದಲಾಗಿದ್ದು ಗೊತ್ತಾಗಿದ್ದೇ ಮೊಬೈಲಿನಲ್ಲಿ. ಟೈಮು 15 ನಿಮಿಷ ಮುಂದೆ ಹಾರಿತ್ತು. ಅರ್ಧ ಗಂಟೆಯೂ ಅಲ್ಲ, ಬರೀ ಕಾಲು ಗಂಟೆ! ನಮ್ಮ ಗುಂಪಿನ ಹಿರಿಯ ಅಕ್ಕ ಮಾತ್ರ ಕೈಗಡಿಯಾರ ತಿರುಗಿಸಲಿಲ್ಲ.

"ಮನ್ಯಾಗ ಅವ್ವ ಗುಳಿಗಿ ತಗೊಳ್ಳೋ ಹೊತ್ತು ನನಗ ಗೊತ್ತಾಗಬೇಕಲ್ಲೋ ತಮ್ಮಾ" ಅಂದರು.

ಈಗ ಕಠ್ಮಂಡು ಬಸ್ಸು. ಗುಡ್ಡದ ತಿರುವು ಮುಗಿಯುತ್ತಲೇ ಇಲ್ಲ. ಖಡಕ್ ರೊಟ್ಟಿ ಡಬ್ಬಿಯಲ್ಲೇ ಪುಡಿಪುಡಿ. ಶೇಂಗಾ ಚಟ್ನಿ ಕಲಸಿ ಚಮಚದಲ್ಲಿ ತಿನ್ನುತ್ತಿದ್ದೇವೆ, ರುಚಿ ಏನೂ ಕಮ್ಮಿ ಇಲ್ಲ.

ನಾನೂ ಆಗಾಗ ಅಕ್ಕನ ಕೈ ಕಡೆ ನೋಡುತ್ತೇನೆ. ಹುಬ್ಬಳ್ಳಿಯಲ್ಲಿ ಈಗ ಐದೂಕಾಲು. ದುರ್ಗದ ಬೈಲಿನಲ್ಲಿ ಮಿರ್ಚಿ ಎಣ್ಣೆಗೆ ಬಿದ್ದಿರುತ್ತದೆ.