ಹಾಸ್ಟೆಲಿನ ಅನ್ನದ ಲೆಕ್ಕ

ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿ ಓದಿನ ದಿನಗಳನ್ನು ಕಳೆದವರು ಆ ಕಾಲವನ್ನು ನೆನೆಯುವಾಗ ಗೆಳೆತನ, ರಾತ್ರಿಯ ಹರಟೆ, ಹಾಸ್ಟೆಲ್ ಡೇಯ ಸಂಭ್ರಮ ಇವುಗಳ ಮಾತನ್ನೇ ಹೆಚ್ಚಾಗಿ ಎತ್ತುತ್ತಾರೆ. ನನಗೆ ಮೊದಲು ನೆನಪಾಗುವುದು ಮೆಸ್ಸಿನ ಲೆಕ್ಕದ ಪುಸ್ತಕ. ಮಂಗಳೂರಿನ ಸಮೀಪದ ಕೊಣಾಜೆಯ ಗುಡ್ಡದ ಮೇಲಿನ ವಿಶ್ವವಿದ್ಯಾನಿಲಯದಲ್ಲಿ ನಾನು ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯನ್ನು ನಡೆಸುತ್ತಿದ್ದವರು ನಾವೇ. ಏನು ಬೇಯಬೇಕು, ಅಕ್ಕಿಯನ್ನು ಎಲ್ಲಿಂದ ತರಬೇಕು, ತಿಂಗಳ ಕೊನೆಗೆ ಯಾರು ಎಷ್ಟು ಕೊಡಬೇಕು ಎಂಬುದನ್ನೆಲ್ಲ ವಾರ್ಡನ್ ಅವರ ಸಹಿ ಬೀಳುವ ಮೊದಲೇ ನಾವು ಕೂತು ತೀರ್ಮಾನಿಸುತ್ತಿದ್ದೆವು. ವಸತಿ ಶಿಕ್ಷಣದ ಸಂಪ್ರದಾಯಗಳಲ್ಲಿ ಎಲ್ಲಕ್ಕಿಂತ ಮೊದಲು ಉಳಿಸಿಕೊಳ್ಳಬೇಕಾದದ್ದು ಇದನ್ನೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಕೊಣಾಜೆಯ ಆ ಕ್ಯಾಂಪಸ್ಸಿನ ಹೆಸರು ಮಂಗಳಗಂಗೋತ್ರಿ; ಅದರ ಹುಟ್ಟು ಗೊತ್ತಿಲ್ಲದವರಿಗಾಗಿ ಎರಡು ಮಾತು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮಂಗಳೂರಿನಲ್ಲಿ ಒಂದು ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಕವಿ, ವಿದ್ವಾಂಸ ಎಸ್.ವಿ. ಪರಮೇಶ್ವರ ಭಟ್ಟರು ಅದರ ನೇತೃತ್ವ ವಹಿಸಿ ಕಟ್ಟಿ ಬೆಳೆಸಿದರು. 1980ರ ಸೆಪ್ಟೆಂಬರ್ 10ರಂದು ಅದೇ ಕೇಂದ್ರವು ಸ್ವತಂತ್ರವಾದ ಮಂಗಳೂರು ವಿಶ್ವವಿದ್ಯಾನಿಲಯವಾಯಿತು, ಪ್ರೊ. ಬಿ. ಷೇಕ್ ಅಲಿಯವರು ಮೊದಲ ಕುಲಪತಿಗಳಾದರು. ಪೇಟೆಯಿಂದ ದೂರದ, ಮುರಕಲ್ಲಿನ ಗುಡ್ಡವೊಂದರ ಮೇಲೆ ವಿಶ್ವವಿದ್ಯಾನಿಲಯ ನೆಲೆಸಿದ್ದರಿಂದ ಹಾಸ್ಟೆಲಿನ ಮೆಸ್ಸನ್ನು ಬಿಟ್ಟರೆ ಊಟಕ್ಕೆ ಬೇರೆ ದಾರಿ ನಮಗೆ ಹೆಚ್ಚೇನೂ ಇರಲಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಳಿಯ ಬಸ್ ನಿಲ್ದಾಣದಿಂದ ಹೊರಟ ಬಸ್ಸು ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಎಡಕ್ಕೆ ಹೊರಳಿ, ದೇರಳಕಟ್ಟೆ ಹಾದು ಗುಡ್ಡ ಹತ್ತುವ ಹೊತ್ತಿಗೆ ಸಂಜೆಯ ಹಸಿವು ಚೆನ್ನಾಗಿ ಕೆರಳಿರುತ್ತಿತ್ತು.

ನಮ್ಮದು ಡಿವೈಡಿಂಗ್ ಪದ್ಧತಿಯ ಮೆಸ್. ಮೊದಲೇ ನಿಗದಿಯಾದ ದರ ಎಂಬುದು ಅದರಲ್ಲಿ ಇರುವುದಿಲ್ಲ. ತಿಂಗಳ ಆರಂಭದಲ್ಲಿ ಉಗ್ರಾಣದಲ್ಲಿದ್ದ ದಾಸ್ತಾನಿನ ಬೆಲೆಗೆ ಆ ತಿಂಗಳ ಖರೀದಿಯನ್ನೆಲ್ಲ ಕೂಡಿಸಿ, ಕೊನೆಯ ದಿನ ಉಳಿದ ದಾಸ್ತಾನನ್ನೂ ಅತಿಥಿಗಳ ಊಟದಿಂದ ಬಂದ ಹಣವನ್ನೂ ಕಳೆದರೆ ನಿಜವಾದ ಖರ್ಚು ಸಿಗುತ್ತದೆ. ಅದನ್ನು ಎಲ್ಲರೂ ಉಂಡ ದಿನಗಳ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಒಂದು ದಿನದ ದರ. ನೂರು ಮಂದಿ ತಲಾ 25 ದಿನ ಉಂಡು ಖರ್ಚು 50,000 ರೂಪಾಯಿ ಆಗಿದ್ದರೆ ದಿನಕ್ಕೆ 20 ರೂಪಾಯಿ. ಊರಿಗೆ ಹೋಗಿ ಬಂದವಳು ಮೊದಲೇ ಬರೆದು ಕೊಟ್ಟಿದ್ದರೆ ಆ ದಿನಗಳು ಅವಳ ಲೆಕ್ಕದಿಂದ ಕಡಿತ. ಕೇಳುವುದಕ್ಕೆ ಇದು ಪ್ರಾಥಮಿಕ ಶಾಲೆಯ ಗಣಿತ. ಆದರೆ ಈ ಲೆಕ್ಕದಲ್ಲಿ ತಟ್ಟೆಯಲ್ಲಿ ಬಿಟ್ಟ ಅನ್ನವೂ ಸೇರಿದೆ, ಹೇಳದೆ ಕರೆದುಕೊಂಡು ಬಂದ ಅತಿಥಿಯೂ ಸೇರಿದ್ದಾಳೆ. ಅವಳು ಉಂಡದ್ದರ ಹಣವನ್ನು ಪಕ್ಕದ ಕೋಣೆಯ ಹುಡುಗಿ ಕೊಡುತ್ತಾಳೆ. ಆ ಹುಡುಗಿಯ ತಂದೆ ಸುಳ್ಯದ ಕಡೆ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದೆ. ಅರ್ಥಶಾಸ್ತ್ರದ ತರಗತಿಯಲ್ಲಿ ಸಾರ್ವಜನಿಕ ಸಂಪತ್ತಿನ ಬಗ್ಗೆ ಓದಿದ್ದನ್ನೆಲ್ಲ ನಾನು ನಿಜವಾಗಿ ತಿಳಿದುಕೊಂಡದ್ದು ಈ ಪುಸ್ತಕದ ಮುಂದೆ ಕೂತಾಗ.

ಮೆಸ್ ಕಾರ್ಯದರ್ಶಿಯಾದವಳಿಗೆ ಬಂದರಿನ ಪರಿಚಯ ಆಗಲೇಬೇಕು. ಮಂಗಳೂರಿನ ಬಂದರು ಪ್ರದೇಶದ ಸಗಟು ಅಂಗಡಿಗಳ ಸಾಲಿನಲ್ಲಿ ಅಕ್ಕಿ, ಬೇಳೆ, ಒಣಮೆಣಸು, ಕೊತ್ತಂಬರಿಗಳ ವಾಸನೆ ಗಾಳಿಯಲ್ಲೇ ನಿಂತಿರುತ್ತದೆ. ವ್ಯಾಪಾರಿ ಗೋಣಿಗೆ ಕೊಳವೆಯಂಥ ಕಬ್ಬಿಣದ ಚುಚ್ಚುಗೋಲನ್ನು ತಿವಿದು ಹೊರಗೆಳೆದಾಗ ಅದರ ತೋಡಿನಲ್ಲಿ ಒಂದು ಹಿಡಿ ಅಕ್ಕಿ ಬರುತ್ತದೆ; ಅದನ್ನು ಅಂಗೈಯಲ್ಲಿ ಹರಡಿ, ಬಣ್ಣ ಒಂದೇ ಸಮನಾಗಿದೆಯೇ ನೋಡಿ, ಕಾಳೊಂದನ್ನು ಹಲ್ಲಿನಲ್ಲಿ ಕಡಿದು, ಮೂಗಿಗೆ ಹಿಡಿದು ಮಳೆಗಾಲದ ಮುಗ್ಗಲು ಹಿಡಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ದರದ ಮಾತು. ನಮ್ಮ ಹಿರಿಯ ಅಡುಗೆಯವರು ಇದನ್ನು ಒಬ್ಬ ಕಾರ್ಯದರ್ಶಿಗೆ ಕಲಿಸಿದ್ದರು, ಅವಳು ಮುಂದಿನವಳಿಗೆ ಕಲಿಸಿದಳು, ಹಾಗೆ ಅದು ನನ್ನವರೆಗೆ ಬಂತು. ಹಿಂದೆಂದೂ ಒಬ್ಬಳೇ ಪೇಟೆಗೆ ಹೋಗದಿದ್ದ ಹುಡುಗಿಯರು ವರ್ಷ ಮುಗಿಯುವಷ್ಟರಲ್ಲಿ ಸಗಟು ವ್ಯಾಪಾರಿಯ ಎದುರು ನಿಂತು ರಸೀದಿಯ ಒಂದೊಂದು ಸಾಲನ್ನೂ ಓದಿ ಪ್ರಶ್ನಿಸುತ್ತಿದ್ದರು. ತರಕಾರಿಗೆ ಸೆಂಟ್ರಲ್ ಮಾರ್ಕೆಟ್ಟಿಗೆ, ಮೀನಿಗೆ ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೋಗುತ್ತಿದ್ದೆವು. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದಿದ್ದಾಗ ಬಂಗುಡೆ, ಬೂತಾಯಿಗಳ ಬೆಲೆ ಏರುತ್ತದೆ, ಘಟ್ಟದ ಮೇಲಿನ ತರಕಾರಿಯೂ ತುಟ್ಟಿಯಾಗುತ್ತದೆ. ಆಗ ಉಗ್ರಾಣದ ಜಂತಿಗೆ ಬಾಳೆನಾರಿನಿಂದ ಕಟ್ಟಿ ತೂಗುಹಾಕಿದ ಸೌತೆಕಾಯಿ, ಡಬ್ಬದಲ್ಲಿ ಕೂಡಿಟ್ಟ ಹಲಸಿನ ಬೀಜ ಮತ್ತು ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಕೆಸುವಿನ ಎಲೆಯಿಂದ ಮಾಡುವ ಪತ್ರೊಡೆಗಳೇ ನಮ್ಮನ್ನು ಕಾಯುತ್ತಿದ್ದವು.

ಎಲ್ಲಕ್ಕಿಂತ ದೊಡ್ಡ ಚರ್ಚೆ ಅಕ್ಕಿಯದು. ಕರಾವಳಿಯವರಿಗೆ ಕುಚ್ಚಲಕ್ಕಿಯೇ ಅನ್ನ. ಭತ್ತವನ್ನು ನೆನೆಸಿ, ಅರೆ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲು ಮಾಡಿದ ಆ ಕೆಂಪು ಛಾಯೆಯ ದಪ್ಪ ಕಾಳು ಬೇಯಲು ಬೆಳ್ತಿಗೆಗಿಂತ, ಅಂದರೆ ಬೇಯಿಸದೆ ಮಿಲ್ಲು ಮಾಡಿದ ಬಿಳಿ ಅಕ್ಕಿಗಿಂತ, ಬಹಳ ಹೊತ್ತು ಹಿಡಿಯುತ್ತದೆ, ಧಾರಾಳ ನೀರು ಕೇಳುತ್ತದೆ; ಬೆಂದ ಮೇಲೆ ಮುಚ್ಚಳ ಹಾಕಿ ಅರಳಲು ಬಿಟ್ಟು, ತಿಳಿ ಬಸಿಯಬೇಕು. ಅದರ ಗಂಜಿಗೆ ತುಪ್ಪ, ಉಪ್ಪಿನಕಾಯಿ, ಸುಟ್ಟ ಹಪ್ಪಳ ಇದ್ದರೆ ನಮ್ಮವರಿಗೆ ಬೇರೇನೂ ಬೇಡ. ಆದರೆ ವಿಜಯಪುರ, ಕಲಬುರಗಿ ಕಡೆಯಿಂದ ಬಂದವರಿಗೆ ಆ ಕಾಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಘಟ್ಟದ ಮೇಲಿನವರಿಗೆ ಬಿಳಿ ಅನ್ನವೇ ಬೇಕು. ಕೊಡಗಿನವರು ಅಕ್ಕಿ ರೊಟ್ಟಿಯನ್ನೂ ಕಡುಬನ್ನೂ ನೆನೆದು ಕೊರಗುವರು. ಬಹುಮತದ ಪ್ರಕಾರ ಕುಚ್ಚಲಕ್ಕಿಯೊಂದನ್ನೇ ಮಾಡುವುದಾದರೆ ಅದು ಸುಲಭ, ಅಗ್ಗ ಮತ್ತು ಅನ್ಯಾಯ. ಎರಡು ಬಗೆಯ ಅನ್ನ ಮಾಡಿದರೆ ಸೌದೆಯೂ ಕೆಲಸವೂ ಹೆಚ್ಚು, ಆ ಹೊರೆ ಎಲ್ಲರ ಬಿಲ್ಲಿಗೆ ಹಂಚಿಹೋಗುತ್ತದೆ.

ಈ ಪ್ರಶ್ನೆ ಊಟದ ಹಾಲಿನಲ್ಲಿ ನಡೆದ ಸಾಮಾನ್ಯ ಸಭೆಗೆ ಬಂತು, ಸಭೆ ರಾತ್ರಿ ಬಹಳ ಹೊತ್ತಿನವರೆಗೆ ಎಳೆಯಿತು. ಕೊನೆಗೆ ಆದ ತೀರ್ಮಾನ ಹೀಗಿತ್ತು: ಮಧ್ಯಾಹ್ನ ಎರಡೂ ಅನ್ನ, ರಾತ್ರಿ ಗಂಜಿ ಬೇಕಾದವರಿಗೆ ಸದಾ ಇರಬೇಕು, ಹೆಚ್ಚುವರಿ ಖರ್ಚನ್ನು ಎಲ್ಲರೂ ಹೊರಬೇಕು. ಮೀನು, ಮೊಟ್ಟೆಗಳನ್ನು ಮಾತ್ರ ಕೂಪನ್ನಿನ ಮೇಲೆ ಪ್ರತ್ಯೇಕ ಲೆಕ್ಕಕ್ಕೆ ಹಾಕಬೇಕು, ಸಸ್ಯಾಹಾರಿಗಳ ಬಿಲ್ಲಿಗೆ ಅದು ತಾಗಬಾರದು. ಅನ್ನ ಎಲ್ಲರ ಹೊಣೆ, ಮೀನು ಅವರವರ ಆಯ್ಕೆ ಎಂಬ ಈ ವಿಂಗಡಣೆಯನ್ನು ಯಾವ ನಿಯಮಾವಳಿಯೂ ನಮಗೆ ಬರೆದು ಕೊಟ್ಟಿರಲಿಲ್ಲ. ಇಪ್ಪತ್ತೆರಡರ ಆಸುಪಾಸಿನ ಹುಡುಗಿಯರು ವಾದಿಸಿ, ಸಿಟ್ಟಾಗಿ, ಮತ್ತೆ ಕೂತು ಕಂಡುಕೊಂಡದ್ದು ಅದು. ರೊಟ್ಟಿಯ ಪ್ರಶ್ನೆ ಉಳಿಯಿತು, ಏಕೆಂದರೆ ನಮ್ಮ ಅಡುಗೆಯವರಿಗೆ ಜೋಳದ ಹಿಟ್ಟನ್ನು ತಟ್ಟಿ ಗೊತ್ತಿರಲಿಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಹುಡುಗಿಯೊಬ್ಬಳು ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಇಳಿದು, ಕುದಿನೀರು ಹಾಕಿ ಹಿಟ್ಟು ನಾದುವುದನ್ನೂ ಅಂಚು ಒಡೆಯದಂತೆ ಅಂಗೈ ತಿರುಗಿಸುವುದನ್ನೂ ತೋರಿಸಿಕೊಟ್ಟಳು, ಆಮೇಲೆ ಭಾನುವಾರದ ರೊಟ್ಟಿಗೆ ಅತಿ ಉದ್ದದ ಸಾಲು ಕರಾವಳಿಯವರದೇ ಆಯಿತು.

ಹೊಸ ಅಕ್ಕಿಯ ಊಟವೂ ಹೀಗೆಯೇ ಹುಟ್ಟಿಕೊಂಡ ಸಂಪ್ರದಾಯ. ಸೆಪ್ಟೆಂಬರ್ 8ರಂದು, ಮೇರಿ ಮಾತೆಯ ಜನ್ಮದಿನದ ಮೊಂತಿ ಹಬ್ಬಕ್ಕೆ, ಕೊಂಕಣಿ ಕೆಥೊಲಿಕ್ ಗೆಳತಿಯರು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ತರುತ್ತಿದ್ದರು, ಮನೆಯಲ್ಲಿ ಆ ಹೊಸ ಕಾಳನ್ನು ಸುಲಿದು ಪಾಯಸಕ್ಕೆ ಸೇರಿಸುವ ಕ್ರಮ ಅವರದು. ತುಳುವರ ಮನೆಗಳಲ್ಲಿ ತೆನೆ ಕಟ್ಟುವುದು, ಪುದ್ವಾರ್ ಎಂಬ ಹೊಸ ಊಟ. ಕೊಡಗಿನವರಿಗೆ ಸುಗ್ಗಿಯ ಪುತ್ತರಿ. ಒಂದೇ ಭಾವದ ಮೂರು ಹಬ್ಬಗಳು ಮೂರು ಸಮಯಕ್ಕೆ ಬರುತ್ತವೆ, ಹಲವರಿಗೆ ಆ ಹೊತ್ತಿಗೆ ಮನೆಗೆ ಹೋಗಲು ರಜೆ ಇರುವುದಿಲ್ಲ. ಹೀಗಾಗಿ ಹೊಸ ಅಕ್ಕಿ ಪೇಟೆಗೆ ಬಂದ ಮೇಲೆ ಹಾಸ್ಟೆಲಿನಲ್ಲಿ ಒಂದು ದಿನ ಎಲ್ಲರಿಗೂ ಹೊಸ ಅನ್ನ, ಪಾಯಸ. ಬಡಿಸುವ ಕೆಲಸ ಅಂದು ನಮ್ಮದು, ಅಡುಗೆಯವರು ಮೊದಲ ಪಂಕ್ತಿಯಲ್ಲಿ ಕೂರಬೇಕು. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಯ ಗೆಳತಿ ಪಾಯಸದ ಉಸ್ತುವಾರಿ ಹೊತ್ತ ವರ್ಷವೂ ಇತ್ತು. ತುಳು, ಕೊಂಕಣಿ, ಬ್ಯಾರಿ, ಕೊಡವ, ಅರೆಭಾಷೆ, ಮಲಯಾಳ ಎಲ್ಲವೂ ಕೇಳುತ್ತಿದ್ದ ಆ ಹಾಲಿನಲ್ಲಿ ಬಡಿಸುವಾಗಿನ ಮಾತು ಮಾತ್ರ ಎಲ್ಲರಿಗೂ ಕನ್ನಡವೇ.

ಒಟ್ಟಿಗೆ ವಾಸಿಸಿ ಓದುವ ಪದ್ಧತಿಯನ್ನು ನಾವು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಂದ ಪಡೆದೆವು ಎಂದು ಭಾವಿಸುವವರಿದ್ದಾರೆ. ಅಲ್ಲಿನ ಕಾಲೇಜುಗಳಲ್ಲಿ ಸಾಮೂಹಿಕ ಭೋಜನಕ್ಕೆ ಇಂದಿಗೂ ದೊಡ್ಡ ಗೌರವವಿದೆ, ಅಧ್ಯಾಪಕರು ಊಟದ ಹಾಲಿನ ತುದಿಯ ಪ್ರತ್ಯೇಕ ಮೇಜಿನಲ್ಲಿ ಕೂರುತ್ತಾರೆ. ಆದರೆ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜು 1264ರಲ್ಲಿ ಸ್ಥಾಪನೆಯಾಗುವುದಕ್ಕೆ ಮುನ್ನೂರಕ್ಕೂ ಹೆಚ್ಚು ವರ್ಷಗಳ ಮೊದಲೇ, 945ರಲ್ಲಿ, ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಸಾಲೋಟಗಿಯಲ್ಲಿ ಶಾಲೆ ಕಟ್ಟಿಸಿದ್ದನ್ನೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೂ ಊಟಕ್ಕೂ ದೀಪದ ಎಣ್ಣೆಗೂ ಭೂಮಿ ಬಿಟ್ಟಿದ್ದನ್ನೂ ಅಲ್ಲಿನ ಶಾಸನ ಹೇಳುತ್ತದೆ. ಊರವರು ಮದುವೆ, ಉಪನಯನಗಳ ಸಂದರ್ಭದಲ್ಲಿ ಆ ಶಾಲೆಗೆ ಕಾಣಿಕೆ ಕೊಡಲು ಒಪ್ಪಿದ್ದರು. ಆ ಸಾಲೋಟಗಿ ಇರುವುದು ರೊಟ್ಟಿ ಕಲಿಸಿದ ನಮ್ಮ ಗೆಳತಿಯ ಇಂಡಿ ತಾಲೂಕಿನಲ್ಲೇ. ಆದರೆ ಜಾತಿಯೋ ಹೆಣ್ಣೆಂಬುದೋ ಅಡ್ಡಬಂದು, ಅವಳಿಗಾಗಲಿ ನಮ್ಮಲ್ಲಿ ಯಾರಿಗಾಗಲಿ ಆ ಶಾಲೆಯಲ್ಲಿ ಜಾಗ ಸಿಗುತ್ತಿರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಆ ಬಾಗಿಲು ತೆರೆಯುವುದಕ್ಕೆ ನಮ್ಮ ಊರಿನಲ್ಲಿ ದುಡಿದವರು ಕುದ್ಮುಲ್ ರಂಗರಾಯರು. 1892ರಲ್ಲಿ ಅವರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಸ್ವಂತ ಸಮುದಾಯದವರೇ ಅವರನ್ನು ದೂರವಿಟ್ಟರು. ಅವರು ಹಿಂಜರಿಯದೆ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು, ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟದ ವ್ಯವಸ್ಥೆಯನ್ನೂ ಮಾಡಿದರು. ಪಂಕ್ತಿಭೇದದ ನೆನಪು ಇನ್ನೂ ಹಸಿಯಾಗಿರುವ ಈ ಜಿಲ್ಲೆಗಳಲ್ಲಿ ವಿಶ್ವವಿದ್ಯಾನಿಲಯದ ಹಾಸ್ಟೆಲಿನ ಊಟದ ಮೇಜಿಗೆ ಇರುವ ಬೆಲೆಯನ್ನು ನಾನು ಆ ಚರಿತ್ರೆಯಿಂದಲೇ ಅಳೆಯುತ್ತೇನೆ. ಅಲ್ಲಿ ಒಂದೇ ಕಡಾಯಿಯ ಅನ್ನವನ್ನು ಎಲ್ಲರೂ ಉಂಡರು, ಆ ಕಡಾಯಿಯ ಲೆಕ್ಕವನ್ನು ಎಲ್ಲರೂ ಸರದಿಯಲ್ಲಿ ಬರೆದರು.

ಬೇರೆ ಸಂಪ್ರದಾಯಗಳ ಬಗ್ಗೆ ಹೆಚ್ಚು ಹೇಳಲಾರೆ. ಓದು ಮುಗಿಸಿ ಹೊರಡುವವರು ಬಕೆಟ್ಟು, ಬಟ್ಟೆ ಹಗ್ಗ, ಟೇಬಲ್ ಲ್ಯಾಂಪುಗಳನ್ನು ಕಿರಿಯರಿಗೆ ಬಿಟ್ಟು ಹೋಗುವ ಪದ್ಧತಿ ಒಳ್ಳೆಯದು. ಹಿರಿಯರ ಕಾಟವನ್ನು, ಅಂದರೆ ರ್‍ಯಾಗಿಂಗನ್ನು, ಸಂಪ್ರದಾಯವೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ; ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ಅದರ ವಿರುದ್ಧ ಕಟ್ಟುನಿಟ್ಟಿನ ನಿಯಮಗಳನ್ನು ತಂದದ್ದು ಅಗತ್ಯವಾಗಿತ್ತು.

ಈಗ ಉಡುಪಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳ ಹಾಸ್ಟೆಲಿನಲ್ಲಿ ಊಟದ ಗುತ್ತಿಗೆ ಹೊರಗಿನವರದು. ವರ್ಷದ ಆರಂಭದಲ್ಲೇ ಹಣ ಕಟ್ಟಿಬಿಡುತ್ತಾರೆ; ಅನ್ನ ಸರಿಯಿಲ್ಲದಿದ್ದರೆ ಮೊಬೈಲಿನಲ್ಲಿ ಬಿರಿಯಾನಿ ಆರ್ಡರ್ ಮಾಡುತ್ತಾರೆ, ಹಣವಿಲ್ಲದವರು ಇದ್ದದ್ದನ್ನೇ ಉಣ್ಣುತ್ತಾರೆ. ಒಂದೇ ಕೋಣೆಯ ಇಬ್ಬರು ಗೆಳತಿಯರು ಹೀಗೆ ಬೇರೆ ಬೇರೆ ಊಟ ಮಾಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಯಿತು. ಸೆಮಿಸ್ಟರ್, ಆಂತರಿಕ ಮೌಲ್ಯಮಾಪನ, ಪ್ರಾಜೆಕ್ಟುಗಳ ನಡುವೆ ಮೆಸ್ ನಡೆಸಲು ಮಕ್ಕಳಿಗೆ ಸಮಯವೆಲ್ಲಿದೆ ಎಂದು ಆಡಳಿತದವರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಸತ್ಯವಿದೆ. ಆದರೂ ಅಡುಗೆ ಗುತ್ತಿಗೆಯವರದೇ ಆಗಿರಲಿ, ಖರೀದಿಯ ರಸೀದಿ, ವಾರದ ಅಡುಗೆ ಪಟ್ಟಿ, ದಾಸ್ತಾನಿನ ತೂಕ ಈ ಮೂರು ವಿದ್ಯಾರ್ಥಿಗಳ ಕೈಯಲ್ಲಿರಬೇಕು. ಎಂಟು ಜನರ ಸಮಿತಿ ಪ್ರತಿ ತಿಂಗಳು ಬದಲಾಗುತ್ತಿದ್ದರೆ ಯಾರ ಓದೂ ಕೆಡುವುದಿಲ್ಲ.

ಅಕ್ಕನ ಮಗಳೂ ಅವಳ ಗೆಳತಿಯರೂ ಇದನ್ನು ತಮ್ಮ ವಾರ್ಡನ್ ಅವರ ಮುಂದಿಡಲು ಹೊರಟಿದ್ದಾರೆ, ಲೆಕ್ಕದ ಮಾದರಿ ಕೇಳಿದ್ದಾರೆ. ನಾನು ಬರೆದು ಕಳುಹಿಸಿದ್ದು ಇಷ್ಟು: ಎಡಪುಟದಲ್ಲಿ ದಿನಾಂಕ, ಸಾಮಾನು, ತೂಕ, ದರ, ಅಂಗಡಿಯ ರಸೀದಿ ಸಂಖ್ಯೆ, ಬಲಪುಟದಲ್ಲಿ ಅಂದು ಅಡುಗೆಮನೆಗೆ ಕೊಟ್ಟದ್ದು, ಉಂಡವರ ಸಂಖ್ಯೆ, ಅತಿಥಿಗಳು, ರಾತ್ರಿ ಉಳಿದ ಅನ್ನದ ಅಂದಾಜು. ವಾರಕ್ಕೊಮ್ಮೆ ಆ ಪುಟಗಳ ಪ್ರತಿ ಊಟದ ಹಾಲಿನ ಫಲಕದ ಮೇಲೆ ಬರಬೇಕು. ತಿಂಗಳ ಕೊನೆಯ ರಾತ್ರಿ ಉಗ್ರಾಣದ ದಾಸ್ತಾನನ್ನು ತೂಗುವಾಗ ಸಮಿತಿಗೆ ಸೇರದ ಇಬ್ಬರು ಅಲ್ಲಿರಬೇಕು, ಅವರಲ್ಲಿ ಒಬ್ಬಳಾದರೂ ಮೊದಲ ವರ್ಷದವಳಾಗಿರಬೇಕು, ಇಬ್ಬರೂ ಸಹಿ ಮಾಡಿದ ಮೇಲೆಯೇ ದಿನದ ದರವನ್ನು ಲೆಕ್ಕ ಹಾಕಬೇಕು.