ಗರ್ವವನ್ನೇ ಏಕೆ ಅಷ್ಟು ದೊಡ್ಡ ಪಾಪವೆನ್ನುತ್ತೀರಿ?

ಧರ್ಮೋಪದೇಶದ ತರಗತಿಯಲ್ಲಿ ಏಳು ಮೂಲಪಾಪಗಳ (ಉಳಿದ ಪಾಪಗಳಿಗೆಲ್ಲ ಮೂಲವೆಂದು ಕ್ರೈಸ್ತರು ಎಣಿಸುವ ಗರ್ವ, ಲೋಭ, ಕಾಮ ಮೊದಲಾದವುಗಳ) ಪಾಠ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುವುದುಂಟು: "ಸರ್, ಕಳ್ಳತನ, ವ್ಯಭಿಚಾರಗಳಿಂದ ಇನ್ನೊಬ್ಬರ ಮನೆ ಹಾಳಾಗುತ್ತದೆ. ಗರ್ವದಿಂದ ಯಾರಿಗೇನು ನಷ್ಟ?" ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಆಗಿದ್ದ ಮೊದಲನೆಯ ಗ್ರೆಗೊರಿಯವರು ಗರ್ವವನ್ನು ಏಳರ ಸಾಲಿನಲ್ಲಿ ಎಣಿಸಲೇ ಇಲ್ಲ, ಏಳೂ ಚಿಗುರುವ ಬೇರೆಂದು ಅದನ್ನು ಪ್ರತ್ಯೇಕವಾಗಿಟ್ಟರು. ನನ್ನ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ. ಉಳಿದ ಪಾಪಗಳು ನಮ್ಮ ದೌರ್ಬಲ್ಯವನ್ನು ತಿಂದು ಬೆಳೆದರೆ, ಗರ್ವವು ನಮ್ಮ ಒಳ್ಳೆಯತನವನ್ನೇ ತಿಂದು ಬೆಳೆಯುತ್ತದೆ.

ಬೈಬಲಿನ ಲೂಕನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ, ಯೇಸುಸ್ವಾಮಿ ಹೇಳುವ ಸಾಮತಿಯೊಂದರಲ್ಲಿ, ದೇವಾಲಯಕ್ಕೆ ಪ್ರಾರ್ಥಿಸಲು ಬರುವ ಫರಿಸಾಯನನ್ನು, ಎಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಥದವನನ್ನು, ನಾವು ಸುಳ್ಳುಗಾರನೆಂದು ಭಾವಿಸಿಬಿಡುತ್ತೇವೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಮೋಶೆಯ ಧರ್ಮಶಾಸ್ತ್ರ ಕಡ್ಡಾಯ ಮಾಡಿದ್ದು ವರ್ಷಕ್ಕೊಂದು ದಿನದ ಉಪವಾಸವನ್ನು. ಅವನು ವಾರಕ್ಕೆರಡು ಬಾರಿ ಉಪವಾಸವಿರುತ್ತಿದ್ದ, ಬಂದ ಆದಾಯದಲ್ಲೆಲ್ಲ ಹತ್ತರಲ್ಲೊಂದು ಪಾಲು ಕೊಡುತ್ತಿದ್ದ, ಸಾಲದೆಂಬಂತೆ ದೇವರಿಗೆ ಕೃತಜ್ಞತೆಯನ್ನೂ ಸಲ್ಲಿಸಿದ. ಕೆಟ್ಟದ್ದು ಒಂದೇ: ದೇವರೆದುರು ನಿಂತವನು ಓರೆಗಣ್ಣಿನಿಂದ ಹಿಂದೆ ನಿಂತಿದ್ದ ಸುಂಕದವನನ್ನು, ಸುಂಕ ವಸೂಲಿಗಾಗಿ ಜನ ಪಾಪಿಯೆಂದು ಹೀನಾಯವಾಗಿ ಕಾಣುತ್ತಿದ್ದವನನ್ನು, ಅಳೆದು ನೋಡಿದ. ಕುಡುಕನಿಗೆ ತಾನು ಕುಡುಕನೆಂಬುದು ಬೆಳಗಿನ ಹೊತ್ತಿಗಾದರೂ ತಿಳಿಯುತ್ತದೆ. ಇವನಿಗೆ ತಿಳಿಯುವ ದಾರಿಯೇ ಇರಲಿಲ್ಲ, ಏಕೆಂದರೆ ಕ್ಷಮೆ ಕೇಳಬೇಕಾದದ್ದು ತನ್ನಲ್ಲಿ ಏನಾದರೂ ಉಂಟೆಂದು ಅವನಿಗೆ ಅನ್ನಿಸಲೇ ಇಲ್ಲ.

"ಹಾಗಾದರೆ ನಮ್ಮನ್ನು ನಾವೇ ಕೀಳಾಗಿ ಕಾಣಬೇಕೇ?" ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಖಂಡಿತ ಇಲ್ಲ. ಸೊಸೆಯಂದಿರಿಗೂ ಕೂಲಿಯವರಿಗೂ "ತಗ್ಗಿ ಬಗ್ಗಿ ನಡೆ" ಎಂದು ಮೇಲಿನವರು ಹೇಳುವ ಬುದ್ಧಿಮಾತಿಗೆ ದೀನತೆಯೆಂದು ಹೆಸರಿಡುವುದು ನನಗೆ ಸಹಿಸದು. ಯೇಸುಸ್ವಾಮಿ ಶಿಲುಬೆಗೇರುವ ಮುನ್ನ ಶಿಷ್ಯರೊಂದಿಗೆ ಉಂಡ ಕಡೆಯ ಭೋಜನದಲ್ಲಿ ಬಗ್ಗಿದವರು ಪಂಕ್ತಿಯ ಯಜಮಾನರೇ. ತಂದೆ ಸಮಸ್ತವನ್ನೂ ತಮ್ಮ ಕೈಗೆ ಒಪ್ಪಿಸಿದ್ದಾರೆಂದು ಅರಿತವರಾಗಿಯೇ ಯೇಸುಸ್ವಾಮಿ ಎದ್ದು, ಸೊಂಟಕ್ಕೆ ವಸ್ತ್ರ ಬಿಗಿದು, ಶಿಷ್ಯರ ಕಾಲು ತೊಳೆದರೆಂದು ಶುಭಸಂದೇಶಕಾರ ಯೊವಾನ್ನನು ಬರೆಯುತ್ತಾನೆ. ಕೀಳರಿಮೆಯುಳ್ಳವರಿಂದ ಆಗುವ ಕೆಲಸವಲ್ಲ ಅದು. ಅಂದು ಶಿಷ್ಯ ಪೇತ್ರನು, ಸ್ವಾಮಿ ತನ್ನ ಕಾಲು ತೊಳೆಯಕೂಡದೆಂದು, ಕಾಲು ಹಿಂದಕ್ಕೆಳೆದುಕೊಂಡದ್ದನ್ನು ಮಾತ್ರ ನಾನು ವಿನಯವೆಂದು ಒಪ್ಪಲಾರೆ. ಕೊಡುವ ಕೈ ಯಾವಾಗಲೂ ತನ್ನದೇ ಆಗಿರಬೇಕೆಂಬ ಹಟವೂ ಒಂದು ಬಗೆಯ ಗರ್ವವೇ.

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನವುಂಟು. ಒಂದು ವರ್ಷ, ಆ ಭೋಜನವನ್ನು ನೆನೆಯುವ ಪವಿತ್ರ ಗುರುವಾರದಂದು, ಚರ್ಚಿನ ಗುರುಗಳು ಕಾಲು ತೊಳೆಯುವ ಹನ್ನೆರಡು ಮಂದಿಯಲ್ಲಿ ನನ್ನ ಹೆಸರೂ ಇತ್ತು. ಮಧ್ಯಾಹ್ನವೇ ಬಚ್ಚಲಲ್ಲಿ ಕುಳಿತು ಹಿಮ್ಮಡಿಗಳನ್ನು ಕಲ್ಲಿನಿಂದ ಉಜ್ಜಿ, ಉಗುರು ಕತ್ತರಿಸಿ, ಎಣ್ಣೆ ಸವರಿಕೊಂಡು ಹೋದೆ. ಗುರುಗಳಿಗೆ ತೊಳೆಯಲು ಅಲ್ಲಿ ಏನೂ ಉಳಿದಿರಲಿಲ್ಲ. ನನ್ನ ಪಕ್ಕದವರು ಗಾರೆ ಕೆಲಸದಿಂದ ನೇರವಾಗಿ ಬಂದಿದ್ದರು. ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಕಚ್ಚಿಕೊಂಡಿದ್ದ ಕಾಲನ್ನು ಅವರು ಯಾವ ಸಂಕೋಚವೂ ಇಲ್ಲದೆ ಬೋಗುಣಿಯ ಮೇಲೆ ಚಾಚಿದರು. ಅವರ ಕಾಲನ್ನೂ ನನ್ನ ಕಾಲನ್ನೂ ನಾನು ಒಮ್ಮೆ ಹೋಲಿಸಿ ನೋಡಿಕೊಂಡಿದ್ದೆನೆಂಬುದು ಮನೆಗೆ ಬಂದು ಚಪ್ಪಲಿ ಬಿಡುವಾಗ ನೆನಪಾಯಿತು.